ಏಳು ಎಣಿಸುವ ಭಾವ

ನನ್ನ ಗಂಡನ ಅಣ್ಣ ಮಾತಿನ ನಡುವೆ ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದರು. ಮರೆವಲ್ಲ, ತೊದಲಲ್ಲ, ತುಟಿ ಮಾತ್ರ ಒಂದರಿಂದ ಏಳರವರೆಗೆ ಅಲ್ಲಾಡುತ್ತಿತ್ತು, ಏಳಾದೊಡನೆ ಮಾತು ಬಿಟ್ಟಲ್ಲಿಂದಲೇ ಮುಂದುವರಿಯುತ್ತಿತ್ತು. ಬಂದರಿನ ಗಿಡ್ಡ ದೀಪಸ್ತಂಭವನ್ನು ಮೂವತ್ತೊಂದು ವರ್ಷ ಕಾದವರು ಅವರು. ಅದಕ್ಕೂ ಮೊದಲು ಕಾದವರು ಅವರ ಅಪ್ಪ. ಆ ದೀಪ ಒಮ್ಮೆ ಬೆಳಗಿ, ಏಳು ಎಣಿಸುವಷ್ಟು ಹೊತ್ತು ಕತ್ತಲಾಗಿ, ಮತ್ತೆ ಬೆಳಗುತ್ತಿತ್ತು. ದೂರದ ಬೋಟಿನವರು ಎಣಿಸಿ, ಇದು ನಮ್ಮದೇ ದೀಪವೆಂದು ಗುರುತು ಹಿಡಿದು, ನಂಬಿ ಬಲಕ್ಕೆ ಹೊರಳಿ ಬಂದರು ಸೇರುತ್ತಿದ್ದರು.

ಮೊಣಕೈ ಸವೆದ ನೀಲಿ ಕೋಟು. ಅದರ ಜೇಬಿನಲ್ಲಿ ಸದಾ ಒಂದು ಮೆತ್ತನೆಯ ಬಟ್ಟೆ. ಗಾಜು ಕಂಡರೆ ಆ ಕೈ ಸುಮ್ಮನಿರದು. ನಮ್ಮ ಕನ್ನಡಿ, ಗಡಿಯಾರ, ಬಂದ ನೆಂಟರ ಮೂಗಿನ ಮೇಲಿನ ಕನ್ನಡಕ, ಯಾವುದನ್ನೂ ಒರೆಸದೆ ಬಿಟ್ಟವರಲ್ಲ.

"ಅಣ್ಣಾ, ನನ್ನ ಬೋಳುತಲೆ ಒಂದು ಉಳ್ಕೊಂಡಿದೆ ನೋಡು," ಎಂದು ನನ್ನ ಗಂಡ ಕೆಣಕಿದರೆ, "ಬಾರೋ, ಉಜ್ಜಿ ಸ್ತಂಭದ ಮೇಲಿಡ್ತೀನಿ, ದೀಪದ ಎಣ್ಣೆನಾದ್ರೂ ಉಳಿಯುತ್ತೆ," ಎನ್ನುತ್ತಿದ್ದರು.

ಬಂದರಿನ ಬಾಯಲ್ಲಿ ಹೂಳು ತುಂಬಿತು. ಎದುರು ದಡದಲ್ಲಿ ಹೊಸ ಕಟ್ಟೆ, ಅದರ ತುದಿಗೆ ಹೊಸ ದೀಪ. ಹಳೆಯದನ್ನು ಆರಿಸಿ ಎಂದು ಕಾಗದ ಬಂತು. ಹೊಸದಕ್ಕೆ ಐದರ ಎಣಿಕೆ ಎಂದು ಇಂಜಿನಿಯರು ಹೇಳಿದಾಗ, ಯಾರೆದುರೂ ತಲೆ ಬಾಗಿಸದ ಭಾವ ಆತನ ಮೇಜಿನ ಮುಂದೆ ಕೈಮುಗಿದು ನಿಂತರಂತೆ.

"ದೀಪ ಆರ್ಸಿ ಸ್ವಾಮಿ, ಏಳನ್ನ ಮಾತ್ರ ಕೊಲ್ಲಬೇಡಿ. ನಮ್ಮಪ್ಪ ಕೊಟ್ಟಿದ್ದು."

ಇಂಜಿನಿಯರಿಗೆ ಐದಾದರೇನು, ಏಳಾದರೇನು? ಒಪ್ಪಿದ. ಹೊಸ ದೀಪ ಕಂಡವರು ಬಲಕ್ಕಲ್ಲ, ಎಡಕ್ಕೆ ಹೊರಳಬೇಕು, ಬಲಕ್ಕೆ ಬಂಡೆಗಳಿವೆ ಎಂದು ಕಚೇರಿಯ ಹಲಗೆಗೆ ಒಂದು ಚೀಟಿಯನ್ನೂ ಅಂಟಿಸಿದರು. ಅದನ್ನು ಓದಿದವರು ದಡದಲ್ಲಿದ್ದವರು. ಹಳೆಯದು ಆರಿ ಹೊಸದು ಬೆಳಗುವ ಹೊತ್ತಿಗೆ ನನ್ನ ಗಂಡನ ಬೋಟು ಹೊರಟು ಆಗಲೇ ಹದಿನೈದು ದಿನವಾಗಿತ್ತು.

ಬೋಟು ಬಂದರಿನ ಹತ್ತಿರಕ್ಕೆ ಮರಳಿದ್ದು ಒಂದು ಮುಸ್ಸಂಜೆ, ದಟ್ಟ ಮಂಜಿನಲ್ಲಿ. ಆ ಬೋಟಿನಿಂದ ಬದುಕಿ ಬಂದವನು ಅಡುಗೆಯವನೊಬ್ಬನೇ. "ಏಳು ಎಣಿಸಿದ್ರು ಅಕ್ಕಾ. ನಮ್ಮಣ್ಣ ಎದ್ದಿದಾನೆ ಕಣ್ರೋ ಅಂತ ನಕ್ಕು ಬಲಕ್ಕೆ ತಿರುಗಿಸಿದ್ರು," ಎಂದ.

ಭಾವ ಬಂದು ಹೊಸ್ತಿಲಾಚೆಯೇ ನಿಂತರು. ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಹೇಳದಿದ್ದರೆ ನನಗೆ ಗೊತ್ತಾಗುತ್ತಲೂ ಇರಲಿಲ್ಲ.

"ಐದೇ ಇರ್ತಿತ್ತಮ್ಮ. ಏಳು ಅಂದೋನು ನಾನು."

ಮರುದಿನದಿಂದ ಅವರು ಕಚೇರಿಯ ಮೆಟ್ಟಿಲಲ್ಲೇ ಕುಳಿತರು. ಆರನೆಯ ದಿನ ಏಳು ಹೋಗಿ ಐದಾಯಿತು. ಆಮೇಲೆ ಹನ್ನೊಂದು ವರ್ಷ ನನ್ನ ಕೈಯಡುಗೆಯನ್ನೇ ಉಂಡರು. ಕ್ಷಮೆ ಅವರು ಕೇಳಲಿಲ್ಲ, ನಾನಾಗಿ ಕೊಡಲೂ ಇಲ್ಲ.

ಕೈಯ ಕೆಲಸವನ್ನೇ ಜೀವ ಮಾಡಿಕೊಂಡವರು, ಅದು ಹೋದಾಗ ತಮ್ಮದೆನ್ನುವ ಒಂದು ಚೂರಾದರೂ ಲೋಕದಲ್ಲಿ ಉಳಿಯಲಿ ಎಂದು ಬೇಡುತ್ತಾರೆ. ಅದು ಯಾರಿಗೆ ಮುಳ್ಳಾಗುತ್ತದೆಂದು ನೋಡುವ ಕಣ್ಣು ಆ ಗಳಿಗೆಯಲ್ಲಿ ಅವರಿಗಿರುವುದಿಲ್ಲ. ಇಂಥವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಮರೆತುಬಿಡಬಹುದಿತ್ತು. ಇವರಿಗೆ ಅನ್ನ ಬಡಿಸಿ, ಉಂಡು ಏಳುವವರೆಗೆ ಎದುರಿಗೆ ಕೂತಿರಬೇಕಾಗುತ್ತದೆ.