ಗಂಟೆಯ ನಾಲಿಗೆ

ಢಣ್ ಅಂದದ್ದು ಇನ್ನೂ ನಿಂತಿಲ್ಲ, ಗಂಟೆಯ ನಾಲಿಗೆ ಒಳಗೇ ತೂಗುತ್ತಿದೆ, ಹಿಡಿ ಇನ್ನೂ ನನ್ನ ಕೈಯಲ್ಲೇ ಇದೆ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಅಯ್ಯೋ ಹರ್ಷಿಣಿ, ಯಾಕೆ ಮುಟ್ಟಿದೆ ಇದನ್ನ — ದೇವರೆದುರು ಗಂಟೆ ಕಂಡರೆ ಕೈ ತಾನಾಗೇ ಹೋಗುತ್ತದೆ, ಫಾರ್ಮರ್ಸ್ ಬ್ರಾಂಚ್ ಅನ್ನೋ ಊರಿನ ನಮ್ಮ ಮನೆಯಲ್ಲಿ ಅಮ್ಮನದು ದಿನಾ ಅದೇ, ಆ ಫೋನ್ ಕೆಳಗಿಡೇ, ಮಂಗಳಾರತಿಗೆ ಗಂಟೆಯಾದ್ರೂ ಹೊಡಿ — ಆದರೆ ಇದು ಹ್ಯೂಸ್ಟನ್, ಇದು ಚೀನೀಯರ ತಾವೋ ಗುಡಿ, ಇವತ್ತು ಟಿಫನಿಯ ತೀರಿಹೋದ ಅಜ್ಜಿಗೆ ದಾರಿ ತೋರಿಸುವ ಪೂಜೆ, ಗಂಟೆ ಇಲ್ಲಿನ ಪುರೋಹಿತರದು, ಹಿಡಿಯ ಮೇಲೆ ಗರುಡ ಇಲ್ಲ, ಮೂರು ಕವಲು, ಅವರ ಮೂರು ದೊಡ್ಡ ದೇವರ ಗುರುತಂತೆ, ನಾನು ತ್ರಿಶೂಲ ಅಂದುಕೊಂಡೆ, ಪೆದ್ದಿ. ಟಿಫನಿ ನನ್ನ ರೂಮ್‌ಮೇಟ್, ಅಮ್ಮನ ಬಾಯಲ್ಲಿ ಟಿಫಿನ್, ಟಿಫಿನ್ ಊರಿಗೆ ಹೋದ್ಲಾ, ಟಿಫಿನ್‌ಗೂ ಸ್ವಲ್ಪ ಚಟ್ನಿಪುಡಿ ಕೊಡೇ — ಈಗ ಆ ಟಿಫಿನ್ ಕೆಂಪು ಕಣ್ಣು ಬಿಟ್ಟುಕೊಂಡು ಪಿಸುಗುಡುತ್ತಾಳೆ, ಅದನ್ನ ಸುಮ್ಸುಮ್ನೆ ಹೊಡೆಯಲ್ಲ ಕಣೇ, ಹೊಡೆದ್ರೆ ಕರೆದ ಹಾಗೆ, ದೇವರಿಗೂ ಕೇಳುತ್ತೆ, ಅಜ್ಜಿಗೂ ಕೇಳುತ್ತೆ. ಅಜ್ಜಿಗೂನಾ? ಟಿಫನಿ ಮನೆಗೆ ಹೋದಾಗಲೆಲ್ಲ ಅಜ್ಜಿ ನನ್ನನ್ನ ಬಾಗಿಲಲ್ಲೇ ನಿಲ್ಲಿಸಿ ತಮ್ಮ ಭಾಷೆಯಲ್ಲಿ ಏನೋ ಕೇಳುತ್ತಿದ್ದರು, ಏನೇ ಅದು ಅಂದರೆ ಟಿಫನಿ, ಊಟ ಆಯ್ತಾ ಅಂತ ಅಷ್ಟೇ, ನಾನು ಕುಣಿದೇಬಿಟ್ಟಿದ್ದೆ, ನಮ್ಮಲ್ಲೂ ಹಾಗೇ ಕೇಳೋದು ಅಜ್ಜಿ, ಹೇಳಿ ನೋಡೋಣ, ಊಟ ಆಯ್ತಾ — ಉಟಾ ಐತಾ, ಹಲ್ಲಿಲ್ಲದ ಬಾಯಿ ತುಂಬ ನಗು — ಹೋದ ತಿಂಗಳು ವಾಟ್ಸ್ಯಾಪಿನಲ್ಲಿ ಅವರ ದನಿ, ಉಟಾ ಐತಾ, ಎರಡೇ ಮಾತು, ನನಗೆ ಮಿಡ್‌ಟರ್ಮ್ ಪರೀಕ್ಷೆ, ನಾಳೆ ಉತ್ತರ ಕಳಿಸ್ತೀನಿ ಅಂದುಕೊಂಡೆ, ಮೂರು ನಾಳೆ ಕಳೆದವು, ನಾಲ್ಕನೆಯದಕ್ಕೆ ಅಜ್ಜಿ ಇರಲಿಲ್ಲ. ಪುರೋಹಿತರು ಬಂದೇಬಿಟ್ಟರು, ಬೈಯುತ್ತಾರೆ, ಪೂಜೆ ಕೆಟ್ಟಿತು, ಅಜ್ಜಿಗೆ ದಾರಿ ತಪ್ಪಿತು, ಟಿಫನಿ ಇನ್ನು ನನ್ನ ಮುಖ ನೋಡಲ್ಲ — ಅವರು ಬೆರಳು ಹಾಕಿ ಗಂಟೆಯ ನಾಲಿಗೆ ಹಿಡಿದರು, ಮೆಲ್ಲಗೆ, ಮಗುವಿನ ಗಲ್ಲ ಹಿಡಿದ ಹಾಗೆ, ಏನೋ ಅಂದರು, ಟಿಫನಿ ಮೂಗೊರೆಸಿಕೊಂಡು ನನಗೆ ತಿಳಿಸಿದಳು, ಕರೆದಿದ್ದೀಯಲ್ಲ, ಮಾತಾಡಿಸದೆ ಕಳಿಸಬಾರದಂತೆ, ಏನಾದ್ರೂ ಹೇಳು. ಏನು ಹೇಳಲಿ, ಸಾರಿ ಅನ್ನಲಾ — ಊಟ ಆಯ್ತು ಅಜ್ಜಿ, ಅಂದೆ, ನಿಮ್ಮದು? — ಟಿಫನಿ ನಕ್ಕಳೋ ಅತ್ತಳೋ, ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು, ಪುರೋಹಿತರು ಬೆರಳು ತೆಗೆದರು, ಗಂಟೆಯ ನಾಲಿಗೆ ಒಂಚೂರು ಅಲುಗಿತು, ಅಜ್ಜಿ ಉತ್ತರ ಕೊಡಲು ಹೊರಟ ಹಾಗೆ, ಅಂಚಿಗೆ ಇನ್ನೂ ತಾಗಿಲ್ಲ, ಈಗ ತಾಗುತ್ತದೆ, ಈಗ, ಆ ನಾಲಿಗೆ —