ವೇದಾವತಿಯ ಹೆಸರಿನಲ್ಲಿ ಬಂದ ಸಂದೇಶ

ಆಗಿನ್ನೂ ಮೊಬೈಲಿನಲ್ಲಿ ಚಾಟ್ ಮಾಡುವ ರೂಢಿ ಬಂದಿರಲಿಲ್ಲ. ಮುಂಬೈ ಪಕ್ಕದ ಠಾಣೆ ಊರಿನ ಸಂಕರ್ಷಣ ಸಂಜೆ ಆಫೀಸಿನಿಂದ ಬಂದವನೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ‘ಪಡಸಾಲೆ’ ಎಂಬ ಚಾಟ್ ರೂಮನ್ನು ನಡೆಸುತ್ತಿದ್ದವನು ಅವನೇ. ಡೊಂಬಿವ್ಲಿ, ಕಲ್ಯಾಣ, ನವಿ ಮುಂಬೈ ಕಡೆಯ ಕನ್ನಡದವರು ಅಲ್ಲಿ ಸೇರಿ ಹರಟುತ್ತಿದ್ದರು. ಬಾಡಿಗೆ ಮನೆ ಎಲ್ಲಿ ಸಿಗುತ್ತದೆ, ಜೋಳದ ರೊಟ್ಟಿ ಯಾರು ಮಾಡಿಕೊಡುತ್ತಾರೆ ಎಂಬುದೆಲ್ಲ ಅಲ್ಲಿ ತಿಳಿಯುತ್ತಿತ್ತು.

ಕಲ್ಯಾಣದಲ್ಲಿದ್ದ ವೇದಾವತಿಯ ಮಾತಿಗೆ ಅಲ್ಲಿ ಬೆಲೆ ಹೆಚ್ಚು. ಧಾರವಾಡದ ಕಡೆಯವಳು. ಪಡಸಾಲೆಯ ಹಲವರ ಮಕ್ಕಳು ಭಾನುವಾರ ಅವಳ ಮನೆಗೆ ಕನ್ನಡ ಅಕ್ಷರ ಕಲಿಯಲು ಹೋಗುತ್ತಿದ್ದರು.

ಪಡಸಾಲೆಯಲ್ಲಿ ಎಲ್ಲರೆದುರು ಬರೆಯಬಹುದಿತ್ತು, ಒಬ್ಬರಿಗೇ ಕಾಣುವಂತೆ ಖಾಸಗಿ ಸಂದೇಶವನ್ನೂ ಕಳಿಸಬಹುದಿತ್ತು. ತೊಂದರೆ ಶುರುವಾದದ್ದು ಅಲ್ಲಿಂದ. ಗುರುತಿಲ್ಲದವರು ಒಳಬಂದು, ಬಹುಮಾನ ಬಂದಿದೆ, ಫೋಟೊ ನೋಡಿ, ಈ ಲಿಂಕ್ ಒತ್ತಿ ಎಂದು ಎಲ್ಲರಿಗೂ ಒಂದೇ ಸಮನೆ ಕಳಿಸತೊಡಗಿದರು. ಸಂಕರ್ಷಣನ ಗೆಳತಿ ಹರಿಣಾಕ್ಷಿ, ಠಾಣೆಯ ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದಳು. ಇದಕ್ಕೊಂದು ಮಿತಿ ಹಾಕಿ ಎಂದು ಅವಳು ಹೇಳಿದಳು. ಅವನು ಒಪ್ಪಲಿಲ್ಲ. ಹೊಸಬರು ಯಾರನ್ನು ಬೇಕಾದರೂ ಮಾತನಾಡಿಸುವಂತಿರಬೇಕು, ಬೇಡವಾದದ್ದನ್ನು ಓದದಿದ್ದರಾಯಿತು ಎಂದ. ತಾನೂ ಖಾಸಗಿ ಸಂದೇಶ ನೋಡುವುದನ್ನೇ ಬಿಟ್ಟ.

ಒಂದು ಸಂಜೆ ವೇದಾವತಿಯ ಹೆಸರಿನಿಂದ ಪಡಸಾಲೆಯ ಹೆಂಗಸರಿಗೆಲ್ಲ ಕೊಳಕು ಮಾತುಗಳು ಹೋದವು. ಜನ ಸಿಟ್ಟಾದರು. ಮುಂದಿನ ಭಾನುವಾರ ಅವಳ ಮನೆಗೆ ಒಂದು ಮಗುವೂ ಬರಲಿಲ್ಲ. ಸಂಕರ್ಷಣ ಅವಳನ್ನು ಒಂದು ಮಾತೂ ಕೇಳದೆ ಅವಳ ಹೆಸರನ್ನು ಪಡಸಾಲೆಯಿಂದ ತೆಗೆದುಹಾಕಿದ್ದ.

ವೇದಾವತಿ ಹರಿಣಾಕ್ಷಿಯನ್ನು ಕರೆದುಕೊಂಡು ಅವನ ಮನೆಗೇ ಬಂದಳು.

“ಯಾರೋ ಕಳ್ಸಿದ ಲಿಂಕ್ ಒತ್ತಿದ್ನಿರಿ. ಪಾಸ್‌ವರ್ಡ್ ಕೇಳ್ತು, ಪಡಸಾಲೀದ ಇರಬೇಕಂತ ಕೊಟ್ಟೆ,” ಎಂದಳು. “ತಪ್ಪಾತು ಅಂತ ಗೊತ್ತಾದ ಕೂಡ್ಲೆ ನಿಮಗ ಬರದೆ, ನನ್ನ ಹೆಸರು ಬಂದ್ ಮಾಡ್ರಿ ಅಂತ. ನೀವು ನೋಡ್ಲೇ ಇಲ್ಲೇನ್ರಿ?”

ಅವನು ಖಾಸಗಿ ಸಂದೇಶಗಳನ್ನು ತೆರೆದು ಹುಡುಕಿದ; ಅವಳು ಬರೆದದ್ದು ಜಾಹೀರಾತುಗಳ ರಾಶಿಯಡಿ ಹೂತುಹೋಗಿತ್ತು. ಸಂಕರ್ಷಣನ ಮುಖ ಸಣ್ಣದಾಯಿತು. ಆದರೂ ಮಿತಿ ಹಾಕುವ ಬಗ್ಗೆ ಅವನ ಅನುಮಾನ ಹೋಗಿರಲಿಲ್ಲ. ಹಾಗೆ ಮಾಡಿದರೆ ಹೊಸಬರು ಬಿಟ್ಟು ಹೋಗುವುದಿಲ್ಲವೇ ಎಂದು ಹರಿಣಾಕ್ಷಿಯನ್ನು ಕೇಳಿದ.

“ಯಾಕೆ ಹೋಗ್ತಾರೆ ಮಾರಾಯ್ರೆ? ಎಲ್ಲರ ಎದುರು ಮಾತಾಡ್ಲಿಕ್ಕೆ ಯಾರಿಗೂ ಅಡ್ಡಿ ಇಲ್ಲ. ಒಬ್ರಿಗೇ ಬರೀಬೇಕಾದ್ರೆ ಅವ್ರ ಒಪ್ಪಿಗೆ ಬೇಕು, ಅಷ್ಟೇ.”

ಅವಳು ಪಕ್ಕದಲ್ಲಿ ಕೂತು ಸರ್ವರಿನ ಸೆಟ್ಟಿಂಗ್ ತೋರಿಸಿದಳು. ಹೆಸರು ನೋಂದಾಯಿಸದವರು ಖಾಸಗಿ ಸಂದೇಶ ಕಳಿಸುವಂತಿಲ್ಲ. ನೋಂದಾಯಿಸಿದವರು ಗುರುತಿಲ್ಲದವರಿಗೆ ಬರೆದರೂ, ಪಡೆಯುವವರು ಒಪ್ಪಿದ ಮೇಲೆಯೇ ಅದು ತಲುಪುತ್ತದೆ. ಒಂದೇ ಉಸಿರಿಗೆ ಹತ್ತಾರು ಜನರಿಗೆ ಕಳಿಸಹೊರಟರೆ ಸರ್ವರ್ ತಾನೇ ತಡೆಯುತ್ತದೆ. ಸಂಕರ್ಷಣ ಎಲ್ಲವನ್ನೂ ಆಗಲೇ ಹಾಕಿದ. ವೇದಾವತಿಗೆ ಹೊಸ ಪಾಸ್‌ವರ್ಡ್ ಮಾಡಿಕೊಟ್ಟು, ಎಲ್ಲರಿಗೂ ಕಾಣುವಂತೆ ಬರೆದ: ಆ ಮಾತುಗಳು ವೇದಾವತಿಯವರದಲ್ಲ, ವಿಚಾರಿಸದೆ ಹೊರಹಾಕಿದ ತಪ್ಪು ನನ್ನದು.

ಬೇಡದ ಸಂದೇಶಗಳು ಹೆಚ್ಚುಕಡಿಮೆ ನಿಂತವು. ಹೊಸಬರು ಬರುವುದು ನಿಲ್ಲಲಿಲ್ಲ. ನವಿ ಮುಂಬೈಯ ಐರೋಲಿಗೆ ಹೊಸದಾಗಿ ಬಂದಿಳಿದ ಹುಡುಗಿಯೊಬ್ಬಳು ಎಲ್ಲರೆದುರೇ ಪಿಜಿ ವಿಚಾರಿಸಿದಳು, ಉತ್ತರವೂ ಸಿಕ್ಕಿತು. ವೇದಾವತಿಯ ಪಾಠಕ್ಕೆ ಮಕ್ಕಳು ಒಬ್ಬೊಬ್ಬರಾಗಿ ಮರಳಿದರು. ಕೆಲವು ಮನೆಯವರು ಮಾತ್ರ ಕಳಿಸಲೇ ಇಲ್ಲ.

ನೀವು ಚಾಟ್ ರೂಮ್ ನಡೆಸುತ್ತಿದ್ದರೆ ಇಂಥ ಮಿತಿಗಳನ್ನು ಇಂದೇ ಹಾಕಿ. ಸದಸ್ಯರಾಗಿದ್ದರೆ ಗುರುತಿಲ್ಲದವರ ಲಿಂಕ್ ಒತ್ತಬೇಡಿ, ಪಾಸ್‌ವರ್ಡ್ ಯಾರು ಕೇಳಿದರೂ ಕೊಡಬೇಡಿ. ಪರಿಚಯದವರ ಹೆಸರಿನಲ್ಲಿ ಅವರದಲ್ಲದಂಥ ಮಾತು ಬಂದರೆ, ಸಿಟ್ಟಾಗುವ ಮೊದಲು ಅವರಿಗೊಂದು ಫೋನ್ ಮಾಡಿ. ವೇದಾವತಿಗೆ ಆ ವಾರ ಒಬ್ಬರೂ ಮಾಡಿರಲಿಲ್ಲ.