ನಾಲ್ಕು ಮನೆಯ ಒಂದೇ ಪಂಕ್ತಿ

"ಬದನೆಕಾಯಿ ಒಂದೇ ಸಾಕು ಅಕ್ಕಾ. ಮಾಂಸ ಗೀಂಸ ಮಾಡಿದ್ರೆ ನಾವು ಗೇಟು ದಾಟಲ್ಲ," ಎಂದು ಲಮಾರಾ ದ್ರಾಕ್ಷಿತೋಟದ ಮನೆಯವಳೊಬ್ಬಳನ್ನು ಫೋನಿನಲ್ಲಿ ಗದರಿದಳು. ಆ ಕಡೆಯ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡೇ ಫೋನು ಇಟ್ಟಳು.

ಪಕ್ಕದಲ್ಲಿ ಗಂಡನ ಅಣ್ಣ ಜೌರಿ ಮೀಸೆಯಡಿ ನಗುತ್ತಿದ್ದ. ಲಮಾರಾಳ ಹೊಲಿಗೆ ಕಾರ್ಖಾನೆಯ ಹಳೆಯ ಗೆಳತಿಯರು ಆರು ಮಂದಿ ತ್ಬಿಲಿಸಿ ನಗರದಿಂದ ಬರುವವರಿದ್ದರು. ಕಾಖೇತಿ ಸೀಮೆಯ ನಾಲ್ಕು ದ್ರಾಕ್ಷಿತೋಟ, ನಾಲ್ಕು ಮನೆಯ ವೈನು, ಎಲ್ಲ ಒಂದೇ ದಿನದಲ್ಲಿ ಎಂದು ಅವಳು ಮಾತು ಕೊಟ್ಟಿದ್ದಳು. ಹೋದ ವರ್ಷ ಇದೇ ಸುತ್ತಾಟವನ್ನು ಜೌರಿ ಏರ್ಪಡಿಸಿದ್ದ. ಬೆಳಗ್ಗೆ ಹತ್ತಕ್ಕೆ ಮೊದಲನೇ ಮನೆಯಲ್ಲಿ ಕೂತವರು ಸಂಜೆಯಾದರೂ ಏಳಲಿಲ್ಲ. ಏಳುವುದಾದರೂ ಹೇಗೆ? ಪಂಕ್ತಿ ನಡೆಸುವ ತಮಾದಾ ಕೊನೆಯ ಹಾರೈಕೆ ಹೇಳಿ ಬಟ್ಟಲು ಎತ್ತುವ ಮುಂಚೆ ಎದ್ದರೆ ಮನೆಯವರ ಮುಖಕ್ಕೆ ಹೊಡೆದ ಹಾಗೆ. ತಮಾದಾ ಮನೆಯವರ ಕಡೆಯವನೇ, ಅವನಿಗೇನು ಅವಸರ?

"ಹೊತ್ತು ಮುಳುಗೋದರೊಳಗೆ ನಾಲ್ಕನೇ ಮನೆ, ಅಂದ್ರೆ ನಮ್ಮನೆ, ಮುಟ್ಟಿದ್ರೆ ಪ್ರತಿ ಭಾನುವಾರ ನನ್ನ ವ್ಯಾನು ನಿನ್ನದು," ಎಂದ ಜೌರಿ. "ಇಲ್ದಿದ್ರೆ ಆ ಮಾತೇ ಎತ್ತಬೇಡ."

ಆ ವ್ಯಾನು ಅವಳಿಗೆ ಬೇಕೇ ಬೇಕಿತ್ತು. ಕಾರ್ಖಾನೆ ಮುಚ್ಚಿ ಮೂರು ವರ್ಷ. ಕಂಡವರ ಪಾತ್ರೆ ತೊಳೆದು ಸಾಕಾಗಿತ್ತು. ಪ್ರವಾಸಿಗರಿಗೆ ಊರು ತೋರಿಸಿ ಬದುಕುವ ಆಸೆ.

"ನೀವು ಕೋಳಿ ಬೇಯಿಸಿಡಿ ಭಾವ, ಸಾಕು," ಎಂದಳು.

ಅವಳ ಉಪಾಯ ಇಷ್ಟೇ: ನಾಲ್ಕು ಮನೆಗೂ ಸೇರಿ ಒಂದೇ ಪಂಕ್ತಿ. ಒಂದರಲ್ಲಿ ರೊಟ್ಟಿ ಚೀಸು, ಇನ್ನೊಂದರಲ್ಲಿ ಬದನೆ, ಮೂರನೆಯದರಲ್ಲಿ ಸುಟ್ಟ ಮಾಂಸ, ಕೊನೆಗೆ ಕೋಳಿ. ತಮಾದಾ ಗೆಳತಿಯರಲ್ಲೇ ಹಿರಿಯಳಾದ ನಾನುಲಿ; ಕೊನೆಯ ಹಾರೈಕೆ ನಾಲ್ಕನೇ ಮನೆಯಲ್ಲಿ ಮಾತ್ರ.

ಆ ದಿನಕ್ಕೆ ಜೌರಿ ಕೊಟ್ಟ ವ್ಯಾನಿನಲ್ಲಿ ಹೊರಟರು. ಮೊದಲನೇ ಮನೆಯಲ್ಲಿ ಉಂಡು ಎದ್ದಾಗ ಮನೆಯವನು ಗೇಟಿಗೇ ಅಡ್ಡ ನಿಂತ. ಇನ್ನೂ ತೀರಿಹೋದ ಹಿರಿಯರ ಹೆಸರಲ್ಲಿ ಕುಡಿದಿಲ್ಲ, ಹೇಗೆ ಬಿಡಲಿ ಎಂದ.

"ಅದು ಮುಂದಿನ ಮನೇಲಿ ತಮ್ಮಾ," ಎಂದಳು ನಾನುಲಿ. "ಪಂಕ್ತಿ ಮುಗಿದಿಲ್ಲ. ಮೇಜು ಮುಂದಕ್ಕೆ ಹೋಗಿದೆ ಅಷ್ಟೆ."

ಅವನು ಗೇಟು ಬಿಟ್ಟು ಸರಿದ. ಸುದ್ದಿ ಅವರಿಗಿಂತ ಮುಂದೆ ಓಡಿತು. ಅರ್ಧಕ್ಕೆ ನಿಂತ ಪಂಕ್ತಿಯ ಅಪಶಕುನ ತನ್ನ ಮನೆಗೆ ಬೇಡವೆಂದು ಮೂರನೇ ಮನೆಯವನಂತೂ ತಾನೇ ಎಲ್ಲರನ್ನೂ ವ್ಯಾನಿಗೆ ಹತ್ತಿಸಿದ. ಲಮಾರಾ ಒಂದು ತೊಟ್ಟೂ ಕುಡಿಯದೆ ವ್ಯಾನು ಓಡಿಸಿದಳು.

ಜೌರಿಯ ಅಂಗಳ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಆತ ಬನಿಯನ್ನಿನಲ್ಲಿ ದ್ರಾಕ್ಷಿ ಚಪ್ಪರದಡಿ ಗೊರಕೆ ಹೊಡೆಯುತ್ತಿದ್ದ. ಬೇಯಬೇಕಾದ ಕೋಳಿ ಅವನ ಕಾಲ ಬಳಿ ಕಾಳು ಹೆಕ್ಕುತ್ತಿತ್ತು. ಅತಿಥಿಗಳು ಬಾಗಿಲಲ್ಲಿ, ಮೇಜು ಖಾಲಿ: ಕಾಖೇತಿಯವನಿಗೆ ಇದಕ್ಕಿಂತ ದೊಡ್ಡ ಮಾನಭಂಗವಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನಲು ಲಮಾರಾಳ ನಾಲಿಗೆ ತುರಿಸಿತು. ತಡೆದುಕೊಂಡಳು.

"ನೀವೆಲ್ಲಿ ಬರ್ತೀರಿ ಅಂದ್ಕೊಂಡೆ," ಎಂದ ಜೌರಿ, ಕಿವಿವರೆಗೂ ಕೆಂಪಾಗಿ.

"ಬರ್ತೀನಿ ಅಂದಿದ್ದೆನಲ್ಲ ಭಾವ."

ಅವನು ಸನಿಕೆ ಹಿಡಿದು ನೆಲದಲ್ಲಿ ಹೂತ ವೈನಿನ ಗುಡಾಣದ ಮೇಲಿನ ಮಣ್ಣು ಸರಿಸಿದ. ನಿನ್ನೆಯ ರೊಟ್ಟಿ, ಹಸಿ ಈರುಳ್ಳಿ ತಂದಿಟ್ಟ. ಮುಂದಿನ ಭಾನುವಾರ ಎಷ್ಟು ಹೊತ್ತಿಗೆ ಹೊರಡುತ್ತೀಯ ಎಂದು ಮೆಲ್ಲಗೆ ಕೇಳಿದ. ಎಂಟಕ್ಕೆ ಎಂದಳು.

ನಾನುಲಿ ತುಂಬಿದ ಬಟ್ಟಲನ್ನು ಲಮಾರಾಳ ಕೈಗಿತ್ತಳು. "ಪಂಕ್ತಿ ನಡೆಸಿದ್ದು ನಾನಲ್ಲ, ನೀನು. ಓಡಾಟ ಮುಗೀತಲ್ಲ, ಕೊನೇ ಹಾರೈಕೆ ನೀನೇ ಹೇಳು."

"ನಾಲ್ಕೂ ಮನೆ ತಣ್ಣಗಿರಲಿ," ಎಂದಳು ಲಮಾರಾ. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿದಳು. ಹೆಂಗಸರೆಲ್ಲ ಎದ್ದರು. ಜೌರಿ ಮಣ್ಣಿನ ಕೈ ಬನಿಯನ್ನಿಗೆ ಒರೆಸಿಕೊಂಡು, ಅವಳು ಕುಡಿದು ಮುಗಿಸುವ ತನಕ ನಿಂತೇ ಇದ್ದ.